ಅಸಿಸ್ಟೆಡ್ ಲಿವಿಂಗ್ ಮನೆಯ ದಿನಚರಿ ಮತ್ತು ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿರಿಯರನ್ನು ಸೇರಿಸಲು ಬಂದವರು ಕಚೇರಿಯಲ್ಲಿ ಕುಳಿತು ಕೇಳುವ ಪ್ರಶ್ನೆಗಳು ಬೇರೆ, ಗೇಟಿನವರೆಗೆ ಹೋಗಿ ಮತ್ತೆ ಹಿಂದಿರುಗಿ ಬಂದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಇಲ್ಲಿ ಎರಡೂ ಇವೆ. ಕೆಲವು ಪತ್ರದಲ್ಲಿ ಬಂದವು, ಕೆಲವನ್ನು ಹಿರಿಯರೇ ಕೇಳಿದ್ದಾರೆ. ಕೇಳಿದವರ ಮಾತನ್ನು ಆದಷ್ಟೂ ತಿದ್ದದೆ ಉಳಿಸಿಕೊಂಡಿದ್ದೇನೆ, ಸಿಟ್ಟಿನಿಂದ ಕೇಳಿದ್ದನ್ನೂ ಸಹ.

## ಸೇರಿಸುವ ಮೊದಲು

ಇದು ವೃದ್ಧಾಶ್ರಮವೋ, ಆಸ್ಪತ್ರೆಯೋ, ಹೋಟೆಲೋ? ಹೆಸರು ಕೇಳಿದರೆ ಏನೂ ಗೊತ್ತಾಗುವುದಿಲ್ಲ.

ಹೆಸರು ಗೊಂದಲದ್ದೇ. ಸರಳವಾಗಿ ಹೇಳುವುದಾದರೆ, ತಮ್ಮ ಬದುಕನ್ನು ಬಹುಪಾಲು ತಾವೇ ನಡೆಸಬಲ್ಲ, ಆದರೆ ಸ್ನಾನ, ಔಷಧಿ, ಓಡಾಟದಂಥ ಕೆಲವು ಕಡೆ ಇನ್ನೊಬ್ಬರ ಕೈ ಬೇಕಾಗುವ ಹಿರಿಯರು ವಾಸಿಸುವ ಮನೆ ಇದು. ದಿನವಿಡೀ ನರ್ಸ್ ಪಕ್ಕದಲ್ಲೇ ಇರಬೇಕಾದಷ್ಟು ಕಾಯಿಲೆ ಇರುವವರಿಗೆ ಶುಶ್ರೂಷಾ ಕೇಂದ್ರ ಬೇಕು. ಏನೂ ನೆರವು ಬೇಡದವರಿಗೆ ಅವರ ಮನೆಯೇ ಸಾಕು.

ಈ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಅಮೆರಿಕದ ಕೆರೆನ್ ಬ್ರೌನ್ ವಿಲ್ಸನ್ ಪ್ರಮುಖರು. ಅವರು ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಐವತ್ತೈದು ವರ್ಷದ ಅವರ ತಾಯಿಗೆ ಪಾರ್ಶ್ವವಾಯು ಬಡಿಯಿತು. ಮುಂದಿನ ವರ್ಷಗಳು ಶುಶ್ರೂಷಾ ಕೇಂದ್ರಗಳಲ್ಲಿ ಕಳೆದವು. ಆ ತಾಯಿ ಬೇಡಿದ್ದು ತನ್ನದೇ ಒಂದು ಕೋಣೆ, ಪುಟ್ಟ ಅಡುಗೆಮನೆ, ಸ್ನಾನದ ಮನೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. 1980ರ ದಶಕದ ಆರಂಭದಲ್ಲಿ ಮಗಳು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಅಂಥದೇ ವಸತಿ ಕಟ್ಟಿಸಿದರು. ಯಾವುದೇ ಮನೆಯನ್ನು ನೋಡಲು ಹೋದಾಗ ನಾನು ಈಗಲೂ ಮೊದಲು ನೋಡುವುದು ಆ ಚಿಲಕವನ್ನೇ. ತುರ್ತಿಗೆ ಹೊರಗಿನಿಂದ ತೆರೆಯುವ ಕೀಲಿ ಸಿಬ್ಬಂದಿಯ ಬಳಿ ಇರಲಿ, ಆದರೆ ಚಿಲಕ ಹಾಕಿಕೊಳ್ಳುವ ಹಕ್ಕು ಒಳಗಿರುವವರದು.

ಅಮ್ಮ ಚೆನ್ನಾಗಿಯೇ ಓಡಾಡುತ್ತಾರೆ. ಅವರಿಗೆ ಇದು ಬೇಕೇ, ಅಥವಾ ನಾವೇ ಆತುರಪಡುತ್ತಿದ್ದೇವೆಯೇ?

ಓಡಾಟವೊಂದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಆರು ಕೆಲಸಗಳ ಪಟ್ಟಿ ಕೊಟ್ಟರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಮೇಲಿನ ಹಿಡಿತ, ಊಟ. ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಒಂದೊಂದಾಗಿ ಕೈಬಿಡುತ್ತವೆ. ಸ್ನಾನಕ್ಕೆ ನೆರವು ಮೊದಲು ಬೇಕಾಗುತ್ತದೆ, ತಾವೇ ಉಣ್ಣುವ ಶಕ್ತಿ ಕೊನೆಯವರೆಗೆ ಉಳಿಯುತ್ತದೆ.

ಅದಕ್ಕೂ ಮೊದಲು ಸಡಿಲವಾಗುವ ಇನ್ನೊಂದು ಸಾಲು ಇದೆ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಅದನ್ನು ಪಟ್ಟಿ ಮಾಡಿದರು: ಫೋನ್ ಬಳಕೆ, ಅಂಗಡಿ ವ್ಯವಹಾರ, ಅಡುಗೆ, ಮನೆಯ ಓರಣ, ಬಟ್ಟೆ ಒಗೆತ, ಪ್ರಯಾಣ, ಔಷಧಿ, ಹಣಕಾಸು. ಮುಂದಿನ ಸಲ ಅಮ್ಮನ ಮನೆಗೆ ಹೋದಾಗ ಫ್ರಿಜ್ ತೆರೆದು ನೋಡಿ. ತಿಂಗಳು ಮುಗಿದರೂ ಮುಗಿಯದ ಮಾತ್ರೆಗಳನ್ನು ಎಣಿಸಿ. ಒಂದೇ ಬಿಲ್ ಎರಡು ಸಲ ಕಟ್ಟಿದ್ದಾರೆಯೇ ಎಂದು ನೋಡಿ. ‘ಚೆನ್ನಾಗಿದ್ದೇನೆ’ ಎಂದು ಅವರು ಫೋನಿನಲ್ಲಿ ಹೇಳುವುದಕ್ಕಿಂತ ಈ ಮೂರು ಹೆಚ್ಚು ಹೇಳುತ್ತವೆ.

ಬೆಳಗ್ಗೆಯಿಂದ ರಾತ್ರಿಯವರೆಗೆ ಅಲ್ಲಿ ಏನು ನಡೆಯುತ್ತದೆ?

ಗೋಡೆಯ ಮೇಲಿನ ವೇಳಾಪಟ್ಟಿ ಓದಿದರೆ ಎಲ್ಲ ಮನೆಗಳೂ ಒಂದೇ ಥರ ಕಾಣುತ್ತವೆ: ತಿಂಡಿ, ವ್ಯಾಯಾಮ, ಊಟ, ವಿಶ್ರಾಂತಿ, ಸಂಜೆಯ ಕೂಟ, ರಾತ್ರಿ ಊಟ. ವ್ಯತ್ಯಾಸ ಇರುವುದು ವೇಳಾಪಟ್ಟಿ ಎಷ್ಟು ಬಾಗುತ್ತದೆ ಎಂಬುದರಲ್ಲಿ. ಜೀವನವಿಡೀ ರಾತ್ರಿ ಪಾಳಿ ಮಾಡಿದವರನ್ನು ಬೆಳಗ್ಗೆ ಆರಕ್ಕೆ ಎಬ್ಬಿಸಿ ಸ್ನಾನ ಮಾಡಿಸಿದರೆ ಅದು ಯಾರ ಅನುಕೂಲಕ್ಕೆ? ಹಗಲು ಪಾಳಿಯವರು ಬರುವ ಮೊದಲು ಕೆಲಸ ಮುಗಿಸಬೇಕೆಂಬ ರಾತ್ರಿ ಪಾಳಿಯವರ ಅನುಕೂಲಕ್ಕೆ, ಅಷ್ಟೇ. ಹೊತ್ತಾಗಿ ಏಳುವವರಿಗೆ ತಿಂಡಿ ಎತ್ತಿಡುತ್ತಾರೆಯೇ ಎಂದು ಅಡುಗೆಯವರನ್ನೇ ಕೇಳಿ, ಕಚೇರಿಯಲ್ಲಿ ಕೇಳಬೇಡಿ.

ನೀವು ನೋಡದ ಒಂದು ಕ್ಷಣ ಪಾಳಿ ಬದಲಾಗುವ ಹೊತ್ತು. ರಾತ್ರಿ ಯಾರು ಎಷ್ಟು ಸಲ ಎದ್ದರು, ಯಾರು ಊಟ ಬಿಟ್ಟರು, ಯಾರ ಕಾಲು ಊದಿದೆ ಎಂಬುದನ್ನು ಹೋಗುವವರು ಬರುವವರಿಗೆ ಒಪ್ಪಿಸುವ ಹದಿನೈದು ನಿಮಿಷ. ಒಳ್ಳೆಯ ಮನೆಯಲ್ಲಿ ಇದನ್ನು ಬರೆದಿಡುತ್ತಾರೆ.

ಮನೆಯಿಂದ ಏನೇನು ತರಬಹುದು?

ಅವರು ದಿನವೂ ಕೂರುತ್ತಿದ್ದ ಕುರ್ಚಿ, ಹಳೆಯ ಗಡಿಯಾರ, ಫೋಟೋಗಳು, ತಮ್ಮದೇ ಹೊದಿಕೆ. ಫೋಟೋದ ಹಿಂದೆ ಅದರಲ್ಲಿರುವವರ ಹೆಸರು ಬರೆದು ತನ್ನಿ, ಮಾತಿಗೆ ಎಳೆ ಸಿಗುತ್ತದೆ. ಅಂಚು ಮಡಚಿಕೊಳ್ಳುವ ನೆಲಹಾಸು ಬೇಡ, ಅದು ಎಡವಿಸುತ್ತದೆ. ಕನ್ನಡಕ, ಹಲ್ಲಿನ ಸೆಟ್, ಶ್ರವಣಯಂತ್ರದ ಪೆಟ್ಟಿಗೆ ಮೂರರ ಮೇಲೂ ಹೆಸರು ಇರಲಿ. ಇಂಥ ಮನೆಗಳಲ್ಲಿ ಅತಿ ಹೆಚ್ಚು ಕಳೆದುಹೋಗುವುದು ಈ ಮೂರೇ, ಕಳೆದರೆ ದಿನವೇ ಕೆಡುವುದೂ ಈ ಮೂರರಿಂದಲೇ.

ಹೇಳದೆ ಕೇಳದೆ ಯಾವಾಗ ಬೇಕಾದರೂ ಬಂದು ನೋಡಬಹುದೇ?

ಬರಬೇಕು. ಊಟದ ಹೊತ್ತಿಗೆ ಒಮ್ಮೆ, ರಜಾದಿನದ ಸಂಜೆ ಒಮ್ಮೆ ಬನ್ನಿ. ಬೇಡ ಎನ್ನುವ ಮನೆಯ ಬಗ್ಗೆ ಮತ್ತೇನೂ ವಿಚಾರಿಸುವ ಅಗತ್ಯವಿಲ್ಲ.

## ಮೊದಲ ವಾರಗಳು

‘ಮನೆಗೆ ಕರೆದುಕೊಂಡು ಹೋಗು’ ಎಂದು ದಿನಾ ಅಳುತ್ತಾರೆ. ನಾವು ತಪ್ಪು ಮಾಡಿದೆವೇ?

ಗೇಟಿನಿಂದ ಹಿಂದಿರುಗಿ ಬಂದು ಕೇಳುವ ಪ್ರಶ್ನೆ ಇದು. ಜಾಗ ಬದಲಾದಾಗ ಹಿರಿಯರಲ್ಲಿ ಕಾಣುವ ನಿದ್ರೆಗೇಡು, ಹಸಿವಿಲ್ಲದಿರುವುದು, ಸಿಡುಕು, ಗೊಂದಲ ಇವೆಲ್ಲವನ್ನೂ ಸೇರಿಸಿ ಶುಶ್ರೂಷಾ ಶಾಸ್ತ್ರದಲ್ಲಿ ಸ್ಥಳಾಂತರದ ಒತ್ತಡ ಎಂದೇ ಹೆಸರಿಟ್ಟಿದ್ದಾರೆ. ಹೆಚ್ಚಿನವರಲ್ಲಿ ಇದು ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತದೆ. ಸೇರುವ ತೀರ್ಮಾನದಲ್ಲಿ ಅವರಿಗೂ ಪಾಲು ಇದ್ದರೆ ಬೇಗ ಇಳಿಯುತ್ತದೆ. ‘ಎರಡು ದಿನ ಇದ್ದು ಬರೋಣ’ ಎಂದು ಸುಳ್ಳು ಹೇಳಿ ಕರೆತಂದವರ ಮನೆಯವರು ಆ ಸುಳ್ಳಿನ ಬಡ್ಡಿ ಬಹಳ ಕಾಲ ಕಟ್ಟುತ್ತಾರೆ.

ಇನ್ನೊಂದು ಮಾತು. ನೀವು ಬಂದಾಗ ಅವರು ಅಳುವುದು, ನೀವು ಹೋದ ಮೇಲೂ ಅಳುತ್ತಲೇ ಇರುತ್ತಾರೆ ಎಂಬುದಕ್ಕೆ ಸಾಕ್ಷಿಯಲ್ಲ. ಹೋದ ಅರ್ಧ ಗಂಟೆಯ ನಂತರ ಫೋನ್ ಮಾಡಿ ವಿಚಾರಿಸಿ. ಊಟ ಬಿಟ್ಟರೇ, ರಾತ್ರಿ ನಿದ್ರೆ ಮಾಡಿದರೇ, ಪಕ್ಕದವರೊಂದಿಗೆ ಮಾತಾಡಿದರೇ ಎಂಬುದನ್ನು ಕೇಳಿ. ಎರಡು ಮೂರು ತಿಂಗಳಾದರೂ ತೂಕ ಇಳಿಯುತ್ತಿದ್ದರೆ, ಕೋಣೆಯಿಂದ ಹೊರಗೆ ಬರದಿದ್ದರೆ, ಅದು ಹೊಂದಿಕೊಳ್ಳುವ ಕಷ್ಟವನ್ನು ದಾಟಿ ಖಿನ್ನತೆಯ ಕಡೆ ಹೊರಳಿರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ, ಎಂಬತ್ತರ ವಯಸ್ಸಿನಲ್ಲೂ ಇದೆ.

ಅಪ್ಪ ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಿದ್ದರು. ನಿಮ್ಮ ಹುಡುಗಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಇದಕ್ಕೇ ನಾವು ಹಣ ಕೊಡುವುದೇ?

ಹೌದು, ಬಹುಪಾಲು ಇದಕ್ಕೇ.

ಆ ದೃಶ್ಯವನ್ನು ನಾನೂ ಬಾಗಿಲಿನಿಂದ ನೋಡಿದ್ದೆ. ಪಾರ್ಶ್ವವಾಯುವಿನಿಂದ ಅವರ ಬಲಗೈ ಬಿಗಿದಿತ್ತು. ಮೇಲಿನ ಗುಂಡಿಯನ್ನು ಎಡಗೈಯಿಂದ ಹಿಡಿದು ಕಾಜಾದ ಬಾಯಿಗೆ ತಂದರು, ಜಾರಿತು. ಮತ್ತೆ ತಂದರು. ಮೂರನೆಯ ಸಲ ಹೆಬ್ಬೆರಳಿನಿಂದ ಒಳಗೆ ತಳ್ಳಿದರು, ಹೋಯಿತು. ಐದು ಗುಂಡಿಗೆ ಹನ್ನೊಂದು ನಿಮಿಷ ಹಿಡಿಯಿತು. ಹುಡುಗಿ ಹಾಕಿದ್ದರೆ ಅರ್ಧ ನಿಮಿಷದ ಕೆಲಸ. ಆಕೆ ಕೈಕಟ್ಟಿ ನಿಂತಿದ್ದು ಸೋಮಾರಿತನದಿಂದಲ್ಲ. ಕೈ ಮುಂದೆ ಹೋಗದಂತೆ ಆಕೆ ತನ್ನನ್ನೇ ತಡೆದುಕೊಂಡಿದ್ದಳು. ಅದನ್ನು ಕಲಿಸಲು ನಮಗೆ ಆರು ತಿಂಗಳು ಬೇಕಾಯಿತು.

ಬಳಸದ ಸ್ನಾಯು ಮುದಿತನದಲ್ಲಿ ಬೇಗ ಕರಗುತ್ತದೆ. ತಿಂಗಳುಗಟ್ಟಲೆ ಇನ್ನೊಬ್ಬರು ಗುಂಡಿ ಹಾಕಿದರೆ ಆ ಬೆರಳುಗಳು ಗುಂಡಿಯನ್ನು ಮರೆಯುತ್ತವೆ, ಆಮೇಲೆ ಚಮಚವನ್ನು. ಹಾಗಾಗಿ ನೆರವಿಗೆ ಮೆಟ್ಟಿಲುಗಳಿವೆ: ಮೊದಲು ಕಾಯುವುದು, ನಂತರ ಬಾಯಿಮಾತಿನ ಸೂಚನೆ, ನಂತರ ತೋರಿಸಿಕೊಡುವುದು, ಆಮೇಲೆ ಕೈಯ ಮೇಲೆ ಕೈಯಿಟ್ಟು ಮಾಡಿಸುವುದು, ಎಲ್ಲಕ್ಕೂ ಕೊನೆಗೆ ತಾವೇ ಮಾಡಿಬಿಡುವುದು. ಅವರು ದಣಿದಿರುವ ದಿನ ನೇರವಾಗಿ ಕೊನೆಯ ಮೆಟ್ಟಿಲಿಗೆ ಹೋಗಬೇಕಾಗುತ್ತದೆ, ಅದನ್ನು ಗುರುತಿಸುವುದೂ ಕೆಲಸದ ಭಾಗವೇ. ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಬಿಟ್ಟುಬಿಡುವುದಕ್ಕೂ ಹತ್ತಿರ ನಿಂತು ಕಾಯುವುದಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಸಿಬ್ಬಂದಿಯ ಕಣ್ಣು ಎಲ್ಲಿದೆ ಎಂದು ನೋಡಿ.

ಸಿಬ್ಬಂದಿ ಎಲ್ಲರನ್ನೂ ಮಕ್ಕಳಂತೆ ಮುದ್ದುಮಾಡಿ ಮಾತಾಡಿಸುತ್ತಾರೆ. ಒಳ್ಳೆಯದೇ ಅಲ್ಲವೇ?

ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ‘ಜಾಣ ಮರಿ, ಈಗ ನಾವು ಮಾತ್ರೆ ನುಂಗೋಣವಾ’ ಎಂಬ ಧಾಟಿ ಮೂವತ್ತು ವರ್ಷ ಶಾಲೆ ನಡೆಸಿದವರಿಗೆ ಹೇಗೆ ಕೇಳಿಸೀತು? ಮರೆವಿನ ಕಾಯಿಲೆ ಇರುವವರೊಂದಿಗೆ ಹೀಗೆ ಮಾತಾಡಿದಾಗ ಅವರು ಆರೈಕೆಯನ್ನು ಹೆಚ್ಚು ಪ್ರತಿಭಟಿಸುತ್ತಾರೆ ಎಂಬುದನ್ನು ಅಧ್ಯಯನಗಳೂ ತೋರಿಸಿವೆ. ಹೇಗೆ ಕರೆಯಬೇಕೆಂದು ಸೇರುವ ದಿನವೇ ಅವರನ್ನೇ ಕೇಳಿ ಬರೆದುಕೊಳ್ಳುವುದು ಸರಿಯಾದ ಕ್ರಮ. ಅಜ್ಜಿ ಎಂದರೆ ಕರಗುವವರಿದ್ದಾರೆ. ‘ನಾನು ನಿನಗೆ ಯಾವ ಕಡೆಯಿಂದ ಅಜ್ಜಿ?’ ಎಂದು ಕೇಳುವವರೂ ಇದ್ದಾರೆ.

## ದಿನದ ಆರೈಕೆ

ಸ್ನಾನ ಎಂದರೆ ಕಿರುಚುತ್ತಾರೆ. ಬಲವಂತ ಮಾಡದೆ ಹೇಗೆ?

ಬೇರೆಯವರ ಮುಂದೆ ಬಟ್ಟೆ ಬಿಚ್ಚುವುದು, ಚಳಿ, ಜಾರುವ ನೆಲ, ತಲೆಯ ಮೇಲೆ ರಪ್ಪನೆ ಬೀಳುವ ನೀರು: ಕಿರುಚಲು ಕಾರಣಗಳು ಸಾಕಷ್ಟಿವೆ. ಮೊದಲೇ ಕೋಣೆ ಬೆಚ್ಚಗಿರಲಿ. ಕುರ್ಚಿ ಹಾಕಿ ಕೂರಿಸಿ. ದೊಡ್ಡ ಟವೆಲ್ ಹೊದಿಸಿ, ಒಂದೊಂದೇ ಭಾಗವನ್ನು ತೆರೆದು ತೊಳೆದು ಮತ್ತೆ ಮುಚ್ಚಿ. ಪಾದದಿಂದ ಆರಂಭಿಸಿ, ತಲೆಯನ್ನು ಕೊನೆಗೆ ಅಥವಾ ಬೇರೆ ದಿನಕ್ಕೆ ಇಟ್ಟುಕೊಳ್ಳಿ. ನೀರಿನ ಪಾತ್ರೆಯನ್ನು ಅವರ ಕೈಗೇ ಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮುದಿ ಚರ್ಮ ಒಣಗಿರುತ್ತದೆ, ದಿನವೂ ಸೋಪು ಹಚ್ಚಿದರೆ ಇನ್ನಷ್ಟು ಒಡೆಯುತ್ತದೆ. ಒಲ್ಲೆನೆಂದ ದಿನ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೂ ನಡೆಯುತ್ತದೆ.

ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತದೆ. ವಯಸ್ಸಾದವರಿಗೆ ಅಷ್ಟೇ ಸಾಕು ಎನ್ನುತ್ತಾರೆ. ನಿಜವೇ?

ಒಟ್ಟು ಆಹಾರ ಸ್ವಲ್ಪ ಕಡಿಮೆಯಾಗಬಹುದು, ಪ್ರೋಟೀನ್ ಕಡಿಮೆಯಾಗಬಾರದು. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು ಎಂದು ತಜ್ಞರು ಹೇಳುತ್ತಾರೆ, ಮೂತ್ರಪಿಂಡದ ಗಂಭೀರ ತೊಂದರೆ ಇರುವವರು ಮಾತ್ರ ವೈದ್ಯರ ಲೆಕ್ಕವನ್ನು ಅನುಸರಿಸಬೇಕು. ತೂಕ ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಥವಾ ಆರು ತಿಂಗಳಲ್ಲಿ ಹತ್ತರಷ್ಟು ಇಳಿದರೆ ಅದು ಎಚ್ಚರಿಕೆಯ ಗಂಟೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ತೂಕ ನೋಡಲೇಬೇಕು.

ಕಾರಣ ಹುಡುಕುವಾಗ ಬಾಯಿಯಿಂದಲೇ ಆರಂಭಿಸಿ. ಸಡಿಲಾದ ಹಲ್ಲಿನ ಸೆಟ್, ವಸಡಿನ ಹುಣ್ಣು, ಒಣಗಿದ ನಾಲಿಗೆ, ರುಚಿ ಕೆಡಿಸುವ ಮಾತ್ರೆ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂಕಾಗುತ್ತದೆ, ‘ಬೇಕಾದರೆ ಕೇಳುತ್ತಾರೆ’ ಎಂದು ಕಾಯುತ್ತಾ ಕೂತರೆ ಅವರು ಕೇಳುವುದೇ ಇಲ್ಲ. ನೀರು ಕೈಗೆಟಕುವಲ್ಲಿ ಇರಬೇಕು, ಲೋಟ ಅವರು ಎತ್ತಬಲ್ಲಷ್ಟು ಹಗುರವಾಗಿರಬೇಕು. ಊಟದ ನಡುವೆ ಪದೇ ಪದೇ ಕೆಮ್ಮಿದರೆ, ದನಿ ಒದ್ದೆಯಾದಂತೆ ಕೇಳಿಸಿದರೆ ನುಂಗುವ ತೊಂದರೆ ಇರಬಹುದು. ಅಂಥವರನ್ನು ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸಬೇಡಿ, ತಜ್ಞರಿಗೆ ತೋರಿಸಿ.

ಹನ್ನೊಂದು ಮಾತ್ರೆ ಇದೆ. ಎಲ್ಲವನ್ನೂ ಪುಡಿಮಾಡಿ ಒಟ್ಟಿಗೆ ಕೊಟ್ಟುಬಿಡಬಹುದೇ?

ಬೇಡ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಪುಡಿಮಾಡಿದರೆ ದಿನವಿಡೀ ಸಿಗಬೇಕಾದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಹೊಟ್ಟೆಯ ಆಮ್ಲದಿಂದ ರಕ್ಷಿಸಲು ಮೇಲ್ಪದರ ಹಾಕಿದ ಮಾತ್ರೆ ಪುಡಿಯಾದರೆ ಆ ರಕ್ಷಣೆ ಹೋಗುತ್ತದೆ. ಯಾವುದನ್ನು ಪುಡಿಮಾಡಬಹುದು, ಯಾವುದಕ್ಕೆ ಸಿರಪ್ ಇದೆ ಎಂದು ಔಷಧ ತಜ್ಞರಿಂದ ಬರೆಸಿಕೊಳ್ಳಿ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಹನ್ನೊಂದು ಏಕೆ ಎಂಬುದು. ಐದು ಅಥವಾ ಹೆಚ್ಚು ಔಷಧಿ ಒಟ್ಟಿಗೆ ನಡೆಯುತ್ತಿದ್ದರೆ ಅದನ್ನು ಬಹುಔಷಧಿ ಬಳಕೆ ಎಂದು ಪರಿಗಣಿಸುತ್ತಾರೆ. ಒಂದು ಮಾತ್ರೆಯ ಅಡ್ಡ ಪರಿಣಾಮಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಸೇರಿ ಸಾಲು ಬೆಳೆದಿರುತ್ತದೆ. ಹಿರಿಯರಿಗೆ ಸಲ್ಲದ ಔಷಧಿಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಆರಂಭಿಸಿದರು, 2023ರಲ್ಲೂ ಅದು ಪರಿಷ್ಕಾರಗೊಂಡಿದೆ. ನಿದ್ರೆ ಮಾತ್ರೆಗಳೂ, ನೆಗಡಿ ಅಲರ್ಜಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳೂ ಅದರಲ್ಲಿವೆ. ವರ್ಷಕ್ಕೊಮ್ಮೆಯಾದರೂ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬರೇ ವೈದ್ಯರ ಮುಂದೆ ಸುರಿಯಿರಿ. ನೀವಾಗಿಯೇ ನಿಲ್ಲಿಸಬೇಡಿ, ಕೆಲವನ್ನು ಮೆಲ್ಲಗೆ ಇಳಿಸಬೇಕಾಗುತ್ತದೆ.

ಬೀಳದಂತೆ ಮಂಚಕ್ಕೆ ಕಂಬಿ ಹಾಕಿ ಎಂದರೆ ಏಕೆ ಒಪ್ಪುವುದಿಲ್ಲ?

ಏಳಬೇಕೆಂದುಕೊಂಡವರು ಕಂಬಿ ಇದ್ದರೂ ಏಳುತ್ತಾರೆ, ಅದನ್ನು ಹತ್ತಿ. ಆಗ ಇನ್ನೂ ಎತ್ತರದಿಂದ ಬೀಳುತ್ತಾರೆ. ಹಾಸಿಗೆ ಮತ್ತು ಕಂಬಿಯ ನಡುವೆ ಸಿಲುಕಿ ಜೀವ ಹೋದ ಘಟನೆಗಳೂ ಇವೆ. ತಗ್ಗಾದ ಮಂಚ, ರಾತ್ರಿ ದೀಪ, ಸ್ನಾನದ ಮನೆಯವರೆಗೆ ಹಿಡಿಕಂಬಿ, ಹಿಮ್ಮಡಿ ಮುಚ್ಚುವ ಚಪ್ಪಲಿ ಇವು ಹೆಚ್ಚು ಕೆಲಸಕ್ಕೆ ಬರುತ್ತವೆ.

ಪತನದ ಅಪಾಯವನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅಪಾಯವಿದೆ ಎಂದರ್ಥ. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಕಾರಣ ಸಿಕ್ಕಿತು. ಅಂಥವರು ಮಂಚದ ಅಂಚಿನಲ್ಲಿ ತುಸು ಹೊತ್ತು ಕೂತು, ಕಾಲಾಡಿಸಿ ಏಳಬೇಕು.

ಇಷ್ಟೆಲ್ಲ ಮಾಡಿದರೂ ಬೀಳುತ್ತಾರೆ. ‘ನಮ್ಮಲ್ಲಿ ಯಾರೂ ಬಿದ್ದಿಲ್ಲ’ ಎನ್ನುವ ಮನೆ ಒಂದೋ ಸುಳ್ಳು ಹೇಳುತ್ತದೆ, ಇಲ್ಲವೇ ಯಾರನ್ನೂ ಏಳಲು ಬಿಡುತ್ತಿಲ್ಲ. ಬಿದ್ದವರು ಎಷ್ಟು ಹೊತ್ತಿನೊಳಗೆ ಸಿಬ್ಬಂದಿಯ ಕಣ್ಣಿಗೆ ಬೀಳುತ್ತಾರೆ ಎಂದು ಕೇಳಿ. ಗಂಟೆಗಟ್ಟಲೆ ನೆಲದ ಮೇಲೆ ಬಿದ್ದಿದ್ದರೆ ಮೂಳೆ ಮುರಿಯದಿದ್ದರೂ ಸ್ನಾಯು, ಚರ್ಮ, ಮೂತ್ರಪಿಂಡಗಳಿಗೆ ಪೆಟ್ಟಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಏಟು ಬಿದ್ದರೆ, ಎದ್ದು ಕೂತು ನಗುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಡೈಪರ್ ಹಾಕಿಬಿಟ್ಟರೆ ಎಲ್ಲರಿಗೂ ಸುಲಭವಲ್ಲವೇ?

ಅವರಿಗೆ ಸುಲಭವಲ್ಲ. ಹಿಡಿತ ಪೂರ್ತಿ ಹೋದವರಿಗೆ ಬೇಕು, ಒಪ್ಪುತ್ತೇನೆ. ಆದರೆ ಎಷ್ಟೋ ಸಲ ತೊಂದರೆ ಮೂತ್ರಕೋಶದಲ್ಲಿ ಇರುವುದಿಲ್ಲ, ಶೌಚಾಲಯ ದೂರವಿರುತ್ತದೆ ಅಥವಾ ಪ್ಯಾಂಟಿನ ಗುಂಡಿ ಬೇಗ ಬಿಚ್ಚುವುದಿಲ್ಲ. ಮೂರು ದಿನ ಯಾವ ಹೊತ್ತಿಗೆ ಹೋಗುತ್ತಾರೆಂದು ಬರೆದುಕೊಂಡು, ಅದಕ್ಕೆ ಸ್ವಲ್ಪ ಮುಂಚೆ ಕರೆದೊಯ್ದರೆ ಎಷ್ಟೋ ಜನರ ಬಟ್ಟೆ ಒಣಗಿಯೇ ಇರುತ್ತದೆ. ಗುಂಡಿಯ ಬದಲು ಎಲಾಸ್ಟಿಕ್ ಹೊಲಿಸಿ.

ಹೊತ್ತು ಹೋಗುವುದಿಲ್ಲ ಎನ್ನುತ್ತಾರೆ. ಆಟ, ಹಾಡು ಎಲ್ಲ ಇದೆಯಲ್ಲ?

ಆಟ, ಹಾಡು ಅವರನ್ನು ರಂಜಿಸಲು ಇವೆ, ಅವರಿಗೆ ಬೇಕಾಗಿರುವುದು ಕೆಲಸ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುಶ್ರೂಷಾ ಕೇಂದ್ರವೊಂದರ ಒಂದು ಮಹಡಿಯವರಿಗೆ ‘ನಿಮ್ಮ ದಿನ ನಿಮ್ಮ ಕೈಯಲ್ಲಿದೆ’ ಎಂದು ಹೇಳಿ, ನೀರೆರೆದು ಸಾಕಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಆದರೆ ನೀರೆರೆಯುವುದು ನರ್ಸ್‌ಗಳು. ಮೂರು ವಾರಗಳಲ್ಲೇ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಗೆಲುವಾಗಿ ಕಂಡರು. ಸಣ್ಣ ಅಧ್ಯಯನವದು, ಅದರ ಮೇಲೆ ಕೋಟೆ ಕಟ್ಟಬೇಕಿಲ್ಲ. ಆದರೂ ಟವೆಲ್ ಮಡಚಲು, ದಿನಪತ್ರಿಕೆ ಓದಿ ಹೇಳಲು, ಗಡಿಯಾರಕ್ಕೆ ಕೀಲಿ ಕೊಡಲು ಒಬ್ಬೊಬ್ಬರಿಗೆ ಒಪ್ಪಿಸಿ ನೋಡಿ. ನಮ್ಮಲ್ಲಿ ವಾಸವಿರುವ ಲೆಕ್ಕಿಗರೊಬ್ಬರು, ನಿವೃತ್ತರಾಗಿ ಇಪ್ಪತ್ತೆರಡು ವರ್ಷ, ಪ್ರತಿದಿನ ಚಹಾದ ಲೋಟಗಳನ್ನು ಎಣಿಸಿ ಚೀಟಿ ಬರೆದು ಕೊಡುತ್ತಾರೆ. ಒಂದು ಕಡಿಮೆಯಾದರೆ ನಮಗೆ ಬಿಡುಗಡೆಯಿಲ್ಲ.

## ಕಷ್ಟದ ಪ್ರಶ್ನೆಗಳು

ಸಂಜೆಯಾದರೆ ತೀರಿಕೊಂಡ ಗಂಡನಿಗಾಗಿ ಕಾಯುತ್ತಾರೆ. ಸತ್ಯ ಹೇಳಬೇಕೇ?

ಒಮ್ಮೆ ಹೇಳಿದರೆ ಒಮ್ಮೆ ವಿಧವೆಯಾಗುತ್ತಾರೆ. ಮರೆತು ನಾಳೆ ಮತ್ತೆ ಕೇಳುತ್ತಾರೆ, ಮತ್ತೆ ಹೇಳಿದರೆ ಮತ್ತೆ ವಿಧವೆಯಾಗುತ್ತಾರೆ. ಮರೆವಿನ ಕಾಯಿಲೆ ಇಷ್ಟು ಮುಂದುವರಿದ ಮೇಲೆ ಆ ಮಾಹಿತಿಯಿಂದ ಅವರಿಗೆ ಉಪಯೋಗವಿಲ್ಲ. ‘ಅವರು ಕೆಲಸದಿಂದ ಬಂದಾಗ ಏನು ಮಾತಾಡುತ್ತಿದ್ದರು?’ ಎಂದು ಕೇಳಿ, ಜೊತೆಗೆ ಕೂರಿ. ಸುಳ್ಳು ಹೇಳಬೇಕಿಲ್ಲ, ತಿದ್ದಲೂ ಬೇಕಿಲ್ಲ. ನೇರವಾಗಿ ‘ಅವರು ಸತ್ತಿದ್ದಾರೆಯೇ?’ ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಮಾತ್ರ ನಾನು ಹೌದು ಎನ್ನುತ್ತೇನೆ. ಈ ವಿಷಯದಲ್ಲಿ ನನ್ನ ಸಹೋದ್ಯೋಗಿಗಳೆಲ್ಲರೂ ನನ್ನನ್ನು ಒಪ್ಪುವುದಿಲ್ಲ.

ಸಂಜೆಯ ಕಳವಳ ಬಹಳ ಜನರಲ್ಲಿ ಕಾಣುತ್ತದೆ. ದಿನದ ದಣಿವು, ಇಳಿಯುವ ಬೆಳಕು, ಉದ್ದವಾಗುವ ನೆರಳು, ಕಪ್ಪಾದ ಕಿಟಕಿ ಗಾಜಿನಲ್ಲಿ ಕಾಣುವ ‘ಯಾರೋ’. ಕತ್ತಲಾಗುವ ಮೊದಲೇ ದೀಪ ಹಾಕಿ, ಪರದೆ ಎಳೆಯಿರಿ. ಹಗಲು ಬಿಸಿಲಿನಲ್ಲಿ ಸ್ವಲ್ಪ ನಡೆಸಿ.

ಮೊನ್ನೆಯವರೆಗೆ ಸರಿಯಾಗಿದ್ದರು. ಎರಡು ದಿನದಿಂದ ನನ್ನನ್ನೇ ಗುರುತಿಸುತ್ತಿಲ್ಲ. ಮರೆವು ಇಷ್ಟು ಬೇಗ ಹೆಚ್ಚುತ್ತದೆಯೇ?

ಇಲ್ಲ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಮೆಲ್ಲಗೆ ಹೆಚ್ಚುತ್ತದೆ. ಗಂಟೆ, ದಿನಗಳಲ್ಲಿ ಮನಸ್ಸು ಕದಡಿದರೆ ಅದು ಡೆಲಿರಿಯಂ, ತುರ್ತು ವೈದ್ಯಕೀಯ ಪರಿಸ್ಥಿತಿ. ಸೋಂಕು, ನೀರಿನ ಕೊರತೆ, ಮಲಬದ್ಧತೆ, ಮೂತ್ರ ಕಟ್ಟುವುದು, ಹೊಸದಾಗಿ ಆರಂಭಿಸಿದ ಮಾತ್ರೆ ಇವು ಸಾಮಾನ್ಯ ಕಾರಣಗಳು. ಜ್ವರ ಇಲ್ಲದೆಯೂ ಸೋಂಕು ಇರಬಹುದು. ಕೂಗಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ, ಇದ್ದಕ್ಕಿದ್ದಂತೆ ಮಂಕಾಗಿ ಮಲಗುವವರನ್ನು ‘ಇಂದು ಶಾಂತವಾಗಿದ್ದಾರೆ’ ಎಂದು ಬರೆದು ಮುಂದೆ ಹೋಗುತ್ತಾರೆ. ಎರಡನೆಯವರ ಬಗ್ಗೆಯೇ ನನಗೆ ಹೆಚ್ಚು ಭಯ. ಅದೇ ದಿನ ವೈದ್ಯರಿಗೆ ತೋರಿಸಿ.

ಸೊಂಟದ ಕೆಳಗೆ ಕೆಂಪಾಗಿದೆ. ಎಣ್ಣೆ ಹಚ್ಚಿ ತಿಕ್ಕಲೇ?

ತಿಕ್ಕಬೇಡಿ. ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಒತ್ತಿದರೂ ಕೆಂಪು ಹಾಗೆಯೇ ಉಳಿದರೆ ಹಾಸಿಗೆ ಹುಣ್ಣು ಆರಂಭವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರಬಹುದು, ಅಲ್ಲಿ ಬಿಸಿ, ಗಡಸು, ನೋವು ನೋಡಬೇಕು. ಬಾಲದ ಮೂಳೆಯ ಮೇಲ್ಭಾಗ, ಹಿಮ್ಮಡಿ, ಸೊಂಟದ ಬದಿಗಳನ್ನು ದಿನವೂ ಪರೀಕ್ಷಿಸಿ. ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸುವುದು ರೂಢಿ. ಪೂರ್ತಿ ಮಗ್ಗುಲಾಗಿಸದೆ ಮೂವತ್ತು ಡಿಗ್ರಿಯಷ್ಟು ಓರೆಯಾಗಿಸಿ ದಿಂಬು ಕೊಡಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಣಕಾಲಿನ ಕೆಳಗೆ ದಿಂಬಿಡಿ. ನಡುವೆ ತೂತಿರುವ ಬಳೆಯಂಥ ದಿಂಬು ಬೇಡ, ಅದು ಸುತ್ತಲಿನ ರಕ್ತವನ್ನೂ ತಡೆಯುತ್ತದೆ. ಏರ್ ಬೆಡ್ ಇದ್ದ ಮಾತ್ರಕ್ಕೆ ಹೊರಳಿಸುವ ಕೆಲಸ ತಪ್ಪುವುದಿಲ್ಲ.

ನಾವಿಲ್ಲದಾಗ ಹೊಡೆಯುತ್ತಾರೋ, ಬೈಯುತ್ತಾರೋ ಹೇಗೆ ಗೊತ್ತಾಗಬೇಕು? ಕ್ಯಾಮೆರಾ ಹಾಕಿಸಲೇ?

ಈ ಅನುಮಾನಕ್ಕೆ ನಾಚಿಕೆಪಡಬೇಡಿ. ಸಂಸ್ಥೆಗಳಲ್ಲಿ ಕೆಲಸ ಮಾಡುವವರಲ್ಲಿ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ಯಾವುದಾದರೂ ಬಗೆಯ ದೌರ್ಜನ್ಯ ಎಸಗಿದ್ದನ್ನು ತಾವೇ ಒಪ್ಪಿಕೊಂಡಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೊಡೆತ ಮಾತ್ರವಲ್ಲ, ಗದರಿಕೆ, ಅವಮಾನ, ಕರೆದರೂ ಬಾರದಿರುವುದು, ಸುಮ್ಮನಾಗಿಸಲು ಮಾತ್ರೆ ಕೊಡುವುದೂ ಸೇರುತ್ತವೆ. ಈ ಅಂಕಿಯನ್ನು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಅಂಟಿಸಿದ್ದೇನೆ.

ತೋಳಿನ ಮೇಲೆ ಬೆರಳಚ್ಚಿನಂಥ ಗುರುತು, ಒಬ್ಬ ನಿರ್ದಿಷ್ಟ ವ್ಯಕ್ತಿ ಬಂದಾಗ ಮಾತ್ರ ಮೌನವಾಗುವುದು, ಹಗಲಿಡೀ ತೂಕಡಿಕೆ, ಕರೆಗಂಟೆ ಕೈಗೆಟುಕದ ಜಾಗದಲ್ಲಿರುವುದು, ಇವನ್ನು ಗಮನಿಸಿ. ಹಜಾರದಲ್ಲಿ ಕ್ಯಾಮೆರಾ ಇರಲಿ. ಕೋಣೆಯೊಳಗೆ ಹಾಕುವ ಮೊದಲು ಅದು ಬಟ್ಟೆ ಬದಲಿಸುವುದನ್ನೂ ನೋಡುತ್ತದೆ ಎಂಬುದನ್ನು ನೆನೆದು, ಅವರ ಒಪ್ಪಿಗೆ ಕೇಳಿ. ಒಬ್ಬರ ಕೈಯಲ್ಲಿ ಎಷ್ಟು ಜನರನ್ನು ಬಿಟ್ಟಿದ್ದಾರೆ, ಮುಖ್ಯವಾಗಿ ರಾತ್ರಿ, ಎಂಬ ಪ್ರಶ್ನೆಗೆ ಸಿಗುವ ಉತ್ತರ ಕ್ಯಾಮೆರಾಕ್ಕಿಂತ ಹೆಚ್ಚು ತಿಳಿಸುತ್ತದೆ. ಮೂರು ಪಾಳಿಯನ್ನು ಒಬ್ಬರಿಂದಲೇ ಮಾಡಿಸಿದರೆ ಒಳ್ಳೆಯವರ ದನಿಯೂ ಏರುತ್ತದೆ. ಸಿಬ್ಬಂದಿ ಎಷ್ಟು ಬೇಗ ಬಿಟ್ಟುಹೋಗುತ್ತಾರೆ ಎಂದೂ ಕೇಳಿ.

ಮಾತಾಡಲಾರದವರಿಗೆ ನೋವಿದೆಯೇ ಎಂದು ಹೇಗೆ ತಿಳಿಯುವುದು?

ಮುಖ ಮತ್ತು ಉಸಿರು ನೋಡಿ ತಿಳಿಯುತ್ತೇವೆ. ಉಸಿರಾಟದ ಬಗೆ, ನರಳುವ ಸದ್ದು, ಮುಖಭಾವ, ಮೈಯ ಬಿಗಿತ, ಸಂತೈಸಿದರೆ ಶಾಂತರಾಗುತ್ತಾರೆಯೇ ಎಂಬ ಐದು ಅಂಶಗಳಿಗೆ ಅಂಕ ಕೊಡುವ ಅಳತೆ 2003ರಿಂದ ಬಳಕೆಯಲ್ಲಿದೆ. ಹೊರಳಿಸುವಾಗ, ಬಟ್ಟೆ ಬದಲಿಸುವಾಗ ನೋಡಬೇಕು. ಸುಮ್ಮನೆ ಮಲಗಿರುವಾಗ ನೋಡಿದರೆ ಅರ್ಧ ನೋವು ತಪ್ಪಿಹೋಗುತ್ತದೆ.

ಕೊನೆಯ ದಿನಗಳು ಬಂದರೆ ಆಸ್ಪತ್ರೆಗೆ ಕಳಿಸುತ್ತೀರೋ, ಇಲ್ಲೇ ಇಟ್ಟುಕೊಳ್ಳುತ್ತೀರೋ?

ಅದನ್ನು ನಾವು ತೀರ್ಮಾನಿಸುವಂತಾಗಬಾರದು. ಅವರಿಗೆ ಬುದ್ಧಿ ಸ್ಪಷ್ಟವಿರುವಾಗಲೇ ನೀವು ಎದುರು ಕೂತು ಕೇಳಬೇಕು: ಉಸಿರಾಟದ ಯಂತ್ರ ಬೇಕೇ, ಮೂಗಿನ ಕೊಳವೆಯಿಂದ ಆಹಾರ ಬೇಕೇ, ಯಾರು ಪಕ್ಕದಲ್ಲಿರಬೇಕು. ಉತ್ತರವನ್ನು ಬರೆದು, ವೈದ್ಯರಿಗೆ ತಿಳಿಸಿ, ಕಡತದ ಮೊದಲ ಹಾಳೆಯಾಗಿ ಇಡಬೇಕು. ಮನೆ ಇದಕ್ಕೆ ಸಿದ್ಧವಿದೆಯೇ, ನೋವು ಶಮನದ ವೈದ್ಯರು ಇಲ್ಲಿಗೇ ಬರುತ್ತಾರೆಯೇ ಎಂದು ಸೇರಿಸುವಾಗಲೇ ವಿಚಾರಿಸಿ. ಎಲ್ಲ ಮನೆಗಳೂ ಕೊನೆಯವರೆಗೆ ಇಟ್ಟುಕೊಳ್ಳುವುದಿಲ್ಲ.

ಆ ಹೊತ್ತಿನಲ್ಲಿ ಮಕ್ಕಳಿಗೆ ಅತಿ ಕಷ್ಟವಾಗುವುದು ಊಟ ನಿಲ್ಲುವುದನ್ನು ನೋಡುವುದು. ದೇಹ ಮುಚ್ಚಿಕೊಳ್ಳುತ್ತಿರುವುದರಿಂದ ಹಸಿವು ಹೋಗುತ್ತದೆ, ಬಾಯಿಗೆ ತುರುಕಿದರೆ ಉಸಿರುನಾಳಕ್ಕೆ ಇಳಿಯುತ್ತದೆ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ತೇವಮಾಡಿ, ತುಟಿಗೆ ಸ್ವಲ್ಪ ಮುಲಾಮು ಸವರಿ. ಅದನ್ನು ನಾವು ಮಾಡುವುದಕ್ಕಿಂತ ನೀವು ಮಾಡಿದರೆ ಒಳ್ಳೆಯದು, ಹತ್ತಿ ಮತ್ತು ಬಟ್ಟಲನ್ನು ಮಂಚದ ಪಕ್ಕದಲ್ಲೇ ಇಟ್ಟಿರುತ್ತೇವೆ. ರಾತ್ರಿ ಎರಡು ಗಂಟೆಗಾದರೂ ನಿಮ್ಮನ್ನು ಎಬ್ಬಿಸಬೇಕೇ, ಬೆಳಗಿನವರೆಗೆ ಕಾಯಬೇಕೇ, ಯಾವ ನಂಬರಿಗೆ ಮೊದಲು ಫೋನ್ ಮಾಡಬೇಕು ಎಂಬುದನ್ನೂ ಅದೇ ಮೊದಲ ಹಾಳೆಯಲ್ಲಿ ಬರೆದುಕೊಡಿ.